ಟ್ರಂಕು ತೆಗೆಸಿದ ಮೇಲೆ ಸಿಕ್ಕ ಯುದ್ಧ

"ಮುದುಕರ ಕಡೆ ಏನ್ ಸಿಗತೈತಿ? ಎಲ್ಲಾ ಪಿಚ್ಚರ್ ಕಥೀನ" ಅಂತ ನಮ್ಮ ಬಳಗದವರೇ ನಕ್ಕಿದ್ದರು. ಬೆಳಗಾವಿ ಸುತ್ತಿನ ಮಾಜಿ ಸೈನಿಕರ ನೆನಪು ರೆಕಾರ್ಡ್ ಮಾಡಲು ಹೊರಟಾಗ, ಮೊದಲ ಹದಿನಾಲ್ಕೋ ಹದಿನೈದೋ ಜನರ ಮಟ್ಟಿಗೆ ಅವರು ಹೇಳಿದ್ದೇ ಖರೆ ಆಯಿತು. 1971ರ ಪಾಕಿಸ್ತಾನದ ಯುದ್ಧ ಅಂದರೆ ಸಾಕು: ಮರಳು, ಕತ್ತಲೆ, ಟ್ಯಾಂಕು, ರಾಜಸ್ಥಾನದ ಲೋಂಗೆವಾಲಾ. ಅಲ್ಲಿದ್ದದ್ದು 23 ಪಂಜಾಬ್ ಪಲ್ಟನ್ನಿನ ಒಂದೇ ಕಂಪನಿ. ಇಷ್ಟು ಜನ ಮರಾಠಾ ಪಲ್ಟನ್ನಿನವರು ಅಲ್ಲಿಗೆ ಹೋದದ್ದು ಯಾವಾಗ? 1997ರಲ್ಲಿ, ಆ ಲಡಾಯಿಯ ಪಿಚ್ಚರ್ 'ಬಾರ್ಡರ್' ನೋಡಲು ಥೇಟರಿಗೆ ಹೋದಾಗ.

ರೆಕಾರ್ಡರಿಗೆ ಹನ್ನೊಂದು ಸಾವಿರ, ಕೇಳಿ ಬರೆದುಕೊಡುವ ಹುಡುಗನಿಗೆ ಗಂಟೆಗೆ ಮುನ್ನೂರು, ಮೇಲೆ ಪೆಟ್ರೋಲ್. ನಲವತ್ತು ಸಾವಿರದ ಹತ್ತಿರ ನೀರಿಗೆ ಹಾಕಿದ ಹಾಗಾಯಿತು. ಕೊಡುತ್ತೇವೆಂದ ಒಂದು ಸಂಸ್ಥೆ ಫೋನೇ ಎತ್ತಲಿಲ್ಲ.

ಖಾನಾಪುರದ ಕಡೆ ಒಬ್ಬ ಅಜ್ಜ ಎರಡು ತಾಸು ಟ್ಯಾಂಕು ಉರುಳಿಸಿದರು. ಚಹಾ ತಂದ ಅಜ್ಜಿ, "ಇವರೆಲ್ಲಿ ಉಸುಕು ನೋಡ್ಯಾರೋ ತಮ್ಮಾ, ಇವರ ಬೂಟೇ ಒಣಗಿದ್ದಿಲ್ಲಂತ" ಅಂದರು. ಕರಿ ಟ್ರಂಕು ತೆಗೆಸಿದೆ. ಕಾಗದಗಳ ಮೇಲೆ ಸೈನ್ಯದ ಅಂಚೆಯ ಗುರುತು, 99 ಎ.ಪಿ.ಒ. ಅಂದರೆ ಪೂರ್ವದ ಕಡೆ. ರಾಜಸ್ಥಾನವಾಗಿದ್ದರೆ 56 ಇರುತ್ತಿತ್ತು.

"ಬೂಟು ಯಾಕ ಒಣಗಲಿಲ್ರೀ ಅಜ್ಜಾರ?"

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು ಈಗಿನ ಬಾಂಗ್ಲಾದೇಶದ ಜಮಾಲ್‌ಪುರ. ಬ್ರಹ್ಮಪುತ್ರ ದಾಟಿ ಊರಿನ ಬೆನ್ನಿಗೆ ಕೂತ ಜಂಗಿ ಪಲ್ಟನ್ (1 ಮರಾಠಾ), ಡಿಸೆಂಬರ್ 10ರ ರಾತ್ರಿ ಕತ್ತಲಲ್ಲಿ ಮೈಮೇಲೆ ಬಂದ ಪಾಕಿಸ್ತಾನದ 31 ಬಲೂಚ್ ಪಲ್ಟನ್. ಶರಣಾಗಿ ಎಂದು ಕಳಿಸಿದ ಪತ್ರಕ್ಕೆ ಆ ಕಡೆಯ ಕರ್ನಲ್ ಬಂದೂಕಿನ ಗುಂಡನ್ನು ಸುತ್ತಿ ಉತ್ತರ ಕೊಟ್ಟದ್ದನ್ನೂ ಹೇಳಿ, "ಅದನ್ನ ನಾ ಕಂಡಿಲ್ಲ, ಮಂದಿ ಅಂತಿದ್ರು" ಎಂದು ಸೇರಿಸಿದರು. ಟ್ಯಾಂಕಿನ ಕಥೆಯಲ್ಲಿ 'ನಾ ಕಂಡಿಲ್ಲ' ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿ ಹೇಳುತ್ತಾರೋ ಇಲ್ಲವೋ ಎಂಬುದನ್ನೇ ಅವತ್ತಿನಿಂದ ನೋಡುತ್ತೇನೆ.

ಸುಳ್ಳು ಅಂತ ನಾನು ಅನ್ನುವುದಿಲ್ಲ. ಮೊಮ್ಮಗ "ಟ್ಯಾಂಕ್ ಇತ್ತೇನಜ್ಜಾ?" ಅಂದರೆ ಇಲ್ಲ ಅನ್ನಲು ಯಾವ ಅಜ್ಜನಿಗೆ ಮನಸ್ಸಾದೀತು? ಜಮಾಲ್‌ಪುರವನ್ನು ಅವರ ಹತ್ತಿರ ಯಾರೂ ಕೇಳಿರಲೇ ಇಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಅದೇ ಪಿಚ್ಚರನ್ನು ದನಿ ಬಂದ್ ಮಾಡಿ ಮೂವರಿಗೆ ತೋರಿಸಿದೆ. ತೆರೆಯ ಮೇಲೆ ಸಾಲುಸಾಲು ಹೆಣ. ನಿಜಕ್ಕೂ ಲೋಂಗೆವಾಲಾದಲ್ಲಿ ಸತ್ತ ನಮ್ಮವರು ಇಬ್ಬರು. ಪಿಚ್ಚರಿನಲ್ಲಿ ಸಾಯುವ ಬಿ.ಎಸ್.ಎಫ್.ನ ಭೈರೋಂ ಸಿಂಗ್ ರಾಠೋಡ್ 2022ರವರೆಗೂ ಬದುಕಿದ್ದರು. ಇದನ್ನು ಹೇಳಿದಾಗ ಒಬ್ಬರು ನಕ್ಕರು, ಒಬ್ಬರು ಎದ್ದು ಹೋದರು, ಮೂರನೆಯವರು ದನಿಯಿಲ್ಲದ ಡೈಲಾಗನ್ನು ತಾವೇ ಹೇಳತೊಡಗಿದರು. ಪ್ರೊಜೆಕ್ಟರ್ ಬಾಡಿಗೆ ದಂಡ.

ಈಗ ಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲ. ಮೊದಲು ಟ್ರಂಕು, ಆಮೇಲೆ ಅಜ್ಜಿ, ಆಮೇಲೆ ಮೂರು ಪ್ರಶ್ನೆ. ಒಂದು ಬೂಟಿನದು, ಒಂದು ಪಗಾರದ್ದು. ಮೂವತ್ತೇಳು ರೆಕಾರ್ಡಿಂಗ್ ಆಗಿವೆ, ಇಪ್ಪತ್ತೈದಾದರೂ ಗಟ್ಟಿ. ನಕ್ಕವರೇ ಮೊನ್ನೆ ಮನೆಗೆ ಬಂದು ಮೂರನೆಯ ಪ್ರಶ್ನೆ ಯಾವುದು ಅಂತ ಕೇಳಿದರು. ಚಹಾ ಕುಡಿಸಿ ಕಳಿಸಿದೆ.