ಕರಿ ಇಶಾಡ ತಂದರೆ ಹಾಳು ಮಾಡಬೇಡಿ

ಮೇ ತಿಂಗಳಲ್ಲಿ ಉತ್ತರ ಕನ್ನಡದ ಅಂಕೋಲಾ ಕಡೆ ಬಂದರೆ ಕರಿ ಇಶಾಡ ಮಾವಿನ ಹಣ್ಣು ತಿನ್ನದೆ ಹೋಗಬೇಡಿ. ಆದರೆ ಇದು ಇಟ್ಟಷ್ಟು ದಿನ ತಾಳುವ ಹಣ್ಣಲ್ಲ. ಸಿಪ್ಪೆ ತೆಳು, ರಸ ಜಾಸ್ತಿ, ಪೂರ್ತಿ ಹಣ್ಣಾದ ಮೇಲೆ ಬೇಗ ಕೊಳೆಯುತ್ತದೆ. ಅದಕ್ಕೇ ಒಂದೇ ಹದದ್ದನ್ನು ಬುಟ್ಟಿಗಟ್ಟಲೆ ತರಬೇಡಿ. ಇವತ್ತಿಗೆ ನಾಲ್ಕು ಹಣ್ಣು, ಉಳಿದದ್ದು ಬಲಿತ ಕಾಯಿ, ಹೀಗೆ ಬೆರೆಸಿ ತನ್ನಿ.

ಇಶಾಡದಲ್ಲಿ ಕರಿ, ಬಿಳಿ ಎಂದು ಎರಡು. ಬಿಳಿಯದಕ್ಕೆ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಅಷ್ಟಕ್ಕಷ್ಟೇ. 2023ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಎಂಬ ಭೌಗೋಳಿಕ ಗುರುತು) ಸಿಕ್ಕಿದ್ದು ಕರಿ ಇಶಾಡಕ್ಕೆ. ರಸ್ತೆ ಬದಿ ಬುಟ್ಟಿ ಇಟ್ಟು ಕೂತ ಹಾಲಕ್ಕಿ ಸಮುದಾಯದ ಅಮ್ಮಂದಿರನ್ನು ಕೇಳಿ: "ಅಮ್ಮಾ, ಇವತ್ತಿಗೆ ಯಾವುದು, ನಾಡಿದ್ದಿಗೆ ಯಾವುದು?" ಅವರ ಕೈಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ದಯವಿಟ್ಟು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಬೇಡಿ. ಒತ್ತಿದ ಜಾಗ ಆಮೇಲೆ ಕಪ್ಪಾಗಿ ಕೊಳೆಯುತ್ತದೆ, ನಷ್ಟ ಪಾಪ ಅವರಿಗೆ. ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ, ಘಮ ಬಂದರೆ ಹಣ್ಣಾಗಿದೆ.

ಕಾಯಿ ಆರಿಸುವಾಗ ತೊಟ್ಟಿನ ಸುತ್ತ ನೋಡಿ. ಎರಡೂ ಬದಿ ಉಬ್ಬಿ, ತೊಟ್ಟು ಸ್ವಲ್ಪ ಕುಳಿಯೊಳಗೆ ಕೂತಿದ್ದರೆ ಬಲಿತಿದೆ. ಎಳೆಯದಾದರೆ ಎಷ್ಟು ದಿನ ಇಟ್ಟರೂ ಸುಮ್ನೆ ಸುಕ್ಕಾಗುತ್ತದೆ, ರುಚಿ ಬರುವುದಿಲ್ಲ. ಮನೆಗೆ ತಂದು ನೀರಿಗೆ ಹಾಕಿ, ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದು ಗೊಜ್ಜಿಗಾಯಿತು. ಮಳೆ ಬಿದ್ದ ಮೇಲೆ ಹುಳದ ಕಾಟ ಜಾಸ್ತಿ, ಸಿಪ್ಪೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಅದರಿಂದ ಅಂಟು ಇಳಿದ ಗುರುತು ಇದ್ದರೆ ಆ ಹಣ್ಣು ಬೇಡ.

ತೊಟ್ಟಿನ ಸೊನೆ ತೊಳೆದು, ನೀರು ಪೂರ್ತಿ ಆರಿಸಿ, ಆಮೇಲೆ ಹಣ್ಣಿಗೆ ಹಾಕಿ. ಒಣಹುಲ್ಲು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಪೇಪರ್ ಸಾಕು. ಒಂದರ ಮೇಲೊಂದು ಹೇರಬೇಡಿ. ಬೇಗ ಬೇಕಿದ್ದರೆ ಜೊತೆಗೆ ಒಂದೆರಡು ಬಾಳೆಹಣ್ಣು ಇಡಿ, ಅದರಿಂದ ಹೊರಡುವ ಎಥಿಲೀನ್ ಅನಿಲ ಮಾವನ್ನೂ ಹಣ್ಣು ಮಾಡುತ್ತದೆ. ಕಾರ್ಬೈಡ್ ಮುಟ್ಟಲೇಬೇಡಿ, ಹಣ್ಣು ಮಾಡಲು ಅದನ್ನು ಬಳಸುವುದಕ್ಕೆ ಕಾನೂನಿನಲ್ಲೇ ನಿಷೇಧ ಇದೆ. ದಿನಾ ಬೆಳಿಗ್ಗೆ ಒಮ್ಮೆ ಹುಲ್ಲು ಸರಿಸಿ ನೋಡಲೇಬೇಕು: ಕಪ್ಪು ಚಿಬ್ಬು ಬಿದ್ದದ್ದನ್ನು ತೆಗೆಯಿರಿ, ಹಣ್ಣಾದದ್ದನ್ನು ಬೇರೆ ಇಡಿ. ಕಾಯಿಯನ್ನು ಫ್ರಿಜ್‌ಗೆ ತುರುಕಿದರೆ ಚಳಿಗೆ ಅದು ಸರಿಯಾಗಿ ಹಣ್ಣಾಗುವುದೇ ಇಲ್ಲ. ಹಣ್ಣಾದ ಮೇಲೆ ಮಾತ್ರ ಫ್ರಿಜ್, ಅದೂ ಒಂದೆರಡು ದಿನ.

ತಿನ್ನುವ ಮೊದಲು ಅರ್ಧ ತಾಸು ತಣ್ಣೀರಲ್ಲಿ ನೆನೆಸಿ. ಇಶಾಡವನ್ನು ಚಾಕುವಿನಿಂದ ಹೋಳು ಮಾಡುವುದಕ್ಕಿಂತ ಕೈಯಲ್ಲೇ ಸಿಪ್ಪೆ ಸುಲಿದು, ಹಿಂಡಿ, ತೆಂಗಿನಕಾಯಿ ಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡಿ. ದೋಸೆ ಜೊತೆ ಅದೇ ಊಟ, ಅಲ್ವಾ? ಕಾಯಿಹಾಲು ಹಾಕಿದ್ದನ್ನು ಮಾತ್ರ ನಾಳೆಗೆ ಇಡಬೇಡಿ, ಹುಳಿಯಾಗುತ್ತದೆ.

ಉಳಿದ ಹಣ್ಣು ಮೆತ್ತಗಾಗುವವರೆಗೆ ಕಾಯದೆ ಅವತ್ತೇ ರಸ ತೆಗೆಯಿರಿ. ಒಂದು ಸಲಕ್ಕೆ ಬೇಕಾಗುವಷ್ಟೇ ಚಿಕ್ಕ ಡಬ್ಬಿಗಳಲ್ಲಿ ತುಂಬಿ ಫ್ರೀಜರ್‌ನಲ್ಲಿಟ್ಟರೆ ಮಳೆಗಾಲ ಪೂರ್ತಿ ಬರುತ್ತದೆ. ಡಬ್ಬಿಯ ಬಾಯಿವರೆಗೆ ತುಂಬಬೇಡಿ, ಹೆಪ್ಪುಗಟ್ಟಿದಾಗ ಉಬ್ಬುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗೆ ಇಡುವುದೂ ಬೇಡ. ಬಿಸಿಲು ಚೆನ್ನಾಗಿದ್ದರೆ ತುಪ್ಪ ಸವರಿದ ತಟ್ಟೆಗೆ ತೆಳ್ಳಗೆ ರಸ ಹೊಯ್ದು, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ ಹಾಕುತ್ತಾ ಮಾಂಬಳ ಮಾಡಬಹುದು. ಆದರೆ ಅದನ್ನು ಮೇ ಮೊದಲ ವಾರಗಳಲ್ಲೇ ಶುರುಮಾಡಿ, ನಮ್ಮ ಕರಾವಳಿಯಲ್ಲಿ ಮೋಡ ಕಟ್ಟಿದ ಮೇಲೆ ಅದು ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ.