ಇಂದು ಮುಗಿಯುವ, ನಾಳೆ ಉಳಿಯುವ ಹಿಟ್ಟು: ಮೂರು ಬ್ರಾಂಚ್ ಹೋಟೆಲಿನ ಏರ್ಪಾಡು ಸರಿಪಡಿಸುವ ಬಗೆ

ಮುಂಬಯಿಯ ಮಾಟುಂಗಾ, ಚೆಂಬೂರು, ಮುಲುಂಡ್‌ಗಳಲ್ಲಿ ಒಂದೊಂದು ಹೋಟೆಲು, ಮೂರಕ್ಕೂ ಸೇರಿ ಒಂದೇ ಅಡುಗೆಮನೆ ಇದೆ ಎನ್ನಿ. ಸೋಮವಾರ ಒಂಬತ್ತೂವರೆಗೇ ಇಡ್ಲಿ ಖಾಲಿ. ಬುಧವಾರ ಹದಿನೈದು ಕಿಲೋ ಹಿಟ್ಟು ಹುಳಿಯಾಗಿ ಮೋರಿ ಪಾಲು. ಮ್ಯಾನೇಜರು ಭಟ್ಟರ ಮೇಲೆ ಹಾಕುತ್ತಾರೆ, ಭಟ್ಟರು ಮ್ಯಾನೇಜರ ಮೇಲೆ. ಯಜಮಾನರು ಇಬ್ಬರಲ್ಲೊಬ್ಬರನ್ನು ಬದಲಿಸುತ್ತಾರೆ. ಹೊಸಬರು ಬಂದು ಮೂರು ತಿಂಗಳಿಗೆ ಮತ್ತೆ ಅದೇ ಜಗಳ. ಜನ ಬದಲಾದರೂ ತೊಂದರೆ ಬದಲಾಗದಿದ್ದರೆ ಅದರ ಬೇರು ಏರ್ಪಾಡಿನಲ್ಲಿದೆ. ಹೆಚ್ಚಿನ ಸಲ ಅದು ಲೆಕ್ಕ ತಡವಾಗಿ ತಲುಪುವುದರಲ್ಲಿರುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಕರಣ ಕಾರ್ಖಾನೆಗಳಲ್ಲಿ ಕಂಡದ್ದೂ ಇದನ್ನೇ. ಕೆಲ ವರ್ಷ ಪಾಳಿಯ ಮೇಲೆ ಪಾಳಿ, ಆಮೇಲೆ ಅರ್ಧ ಜನಕ್ಕೆ ಕೆಲಸವಿಲ್ಲ. ಎಲ್ಲರೂ ಮಾರುಕಟ್ಟೆಯನ್ನು ದೂರುತ್ತಿದ್ದರು. ಫಾರೆಸ್ಟರ್ ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಾಗ, ಗಿರಾಕಿ ಸ್ಥಿರವಾಗಿದ್ದರೂ ಕಂಪನಿಯ ಸ್ವಂತ ನಿಯಮಗಳೇ ಆ ಏರಿಳಿತ ಹುಟ್ಟಿಸಬಲ್ಲವು ಎಂದು ಗೊತ್ತಾಯಿತು. ಬಿಡಿ ಜನರನ್ನಲ್ಲ, ಇಡೀ ಏರ್ಪಾಡನ್ನು ಒಟ್ಟಾಗಿ ನೋಡುವ ವ್ಯವಸ್ಥಾ ಚಿಂತನೆಯ ಒಂದು ದೊಡ್ಡ ಕವಲು ಶುರುವಾದದ್ದು ಅಲ್ಲಿಂದ.

ಮೊದಲ ಏಳು ದಿನ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೆ. ಪ್ರತಿ ಬ್ರಾಂಚಿನಿಂದ ನಾಲ್ಕು ಲೆಕ್ಕ ಬೇಕು: ಬಂದ ಹಿಟ್ಟು, ಖರ್ಚಾದದ್ದು, ಉಳಿದದ್ದು, ಮುಗಿದ ಹೊತ್ತು. ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ, ಎಲ್ಲಕ್ಕಿಂತ ಮುಖ್ಯ ಅದೇ. ಒಂಬತ್ತೂವರೆಗೆ 20 ಕಿಲೋ ಮುಗಿದರೆ ಪುಸ್ತಕದಲ್ಲಿ ‘ಖರ್ಚು 20’ ಎಂದಿರುತ್ತದೆ. ಆಮೇಲೆ ಬಂದು ಹಿಂದಿರುಗಿದ ಗಿರಾಕಿ ಯಾವ ಲೆಕ್ಕದಲ್ಲೂ ಇಲ್ಲ. ಹಿಟ್ಟು ಸಾಕಷ್ಟಿದ್ದ ಒಂದು ದಿನ ನೋಡಿ, ಒಂಬತ್ತೂವರೆಯ ನಂತರ ಎಷ್ಟು ಪಾಲು ಖರ್ಚಾಯಿತು? ಕಾಲು ಭಾಗವಾದರೆ 20ನ್ನು 0.75ರಿಂದ ಭಾಗಿಸಿ. ಆ ದಿನ ನಿಜವಾಗಿ ಬೇಕಿದ್ದದ್ದು ಸುಮಾರು 27 ಕಿಲೋ. ಈ ತಿದ್ದುಪಡಿ ಮಾಡದಿದ್ದರೆ ಕಡಿಮೆ ಮಾರಿದ್ದೇ ಕಡಿಮೆ ರುಬ್ಬಲು ನೆಪವಾಗುತ್ತದೆ, ಕಡಿಮೆ ರುಬ್ಬಿದ್ದರಿಂದ ಮಾರಾಟ ಮತ್ತೂ ಇಳಿಯುತ್ತದೆ.

ಆಮೇಲೆ ಗಡಿಯಾರ ಹಿಡಿದು ಕೂರಿ. ಅಕ್ಕಿ, ಉದ್ದು ನೆನೆಹಾಕುವ ಹೊತ್ತು, ರುಬ್ಬುವ ಹೊತ್ತು, ಹಿಟ್ಟು ಉಬ್ಬಲು ಬೇಕಾದ ಗಂಟೆ, ಒಲೆಗಿಡುವ ಹೊತ್ತು ಎಲ್ಲವನ್ನೂ ಒಂದು ದೊಡ್ಡ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಪಕ್ಕದಲ್ಲೇ ಬ್ರಾಂಚಿನ ಲೆಕ್ಕ ಅಡುಗೆಮನೆಗೆ ಯಾವಾಗ ತಲುಪುತ್ತದೆ ಎಂದೂ ಬರೆಯಿರಿ. ಬೆಳಿಗ್ಗೆ 9ಕ್ಕೆ ನೆನೆಹಾಕುವ ರೂಢಿಯಿದ್ದರೆ ಇಂದಿನ ತಿಂಡಿಯ ಹೊತ್ತು ಇನ್ನೂ ಮುಗಿದಿಲ್ಲ. ನಾಳೆಯ ಹಿಟ್ಟನ್ನು ನಿನ್ನೆಯ ಲೆಕ್ಕದ ಮೇಲೆ ಹಾಕುತ್ತಿದ್ದೀರಿ. ಗಲ್ಲಾ ಪುಸ್ತಕ ಮರುದಿನ ಮಧ್ಯಾಹ್ನ ಬರುವಲ್ಲಿ ಅದು ಮೊನ್ನೆಯ ಲೆಕ್ಕ. ನೆನೆಹಾಕುವುದನ್ನು 11.30ಕ್ಕೆ ಸರಿಸಿ. ನಾಲ್ಕು ಗಂಟೆ ನೆಂದರೆ 3.30, ರುಬ್ಬಿ ಮುಗಿಸುವಾಗ 5, ಬೆಳಗಿನ ಜಾವ 4ರವರೆಗೆ ಉಬ್ಬಲು ಹನ್ನೊಂದು ಗಂಟೆ ಸಿಗುತ್ತದೆ. 11.15ಕ್ಕೆ ಮೂರೂ ಬ್ರಾಂಚಿನಿಂದ ವಾಟ್ಸಾಪ್‌ನಲ್ಲಿ ಲೆಕ್ಕ ಬರಲಿ. ಖರ್ಚಿಲ್ಲದೆ ಒಂದು ದಿನದ ತಡ ಹೋಯಿತು. ಮೇ ಸೆಕೆಯಲ್ಲಿ ಹಿಟ್ಟು ಬೇಗ ಉಬ್ಬುವುದರಿಂದ ಇನ್ನೂ ತಡವಾಗಿ ನೆನೆಹಾಕಬಹುದು.

ಎಷ್ಟು ಹಿಟ್ಟು ಬೇಕೆಂದು ನಿರ್ಧರಿಸಲು ನಾಳೆ ಸೋಮವಾರವಾದರೆ ಹಿಂದಿನ ನಾಲ್ಕು ಸೋಮವಾರಗಳ ಸರಾಸರಿ ತೆಗೆಯಿರಿ. ಭಾನುವಾರಕ್ಕೆ ಭಾನುವಾರವೇ ಅಳತೆ. ಅದು 60 ಕಿಲೋ ಎನ್ನಿ. ಇಂದು ಅಂದಾಜಿಗಿಂತ 9 ಕಿಲೋ ಹೆಚ್ಚು ಬೇಕಾಯಿತು. ನಾಳೆಗೆ ಒಂಬತ್ತನ್ನೂ ಸೇರಿಸಬೇಡಿ, ಮೂರನೇ ಒಂದು ಪಾಲು, ಅಂದರೆ 3 ಸೇರಿಸಿ. ಕೈಯಲ್ಲಿರಬೇಕಾದ ಆಪತ್ತಿನ ಹಿಟ್ಟು 6 ಕಿಲೋ, ಫ್ರಿಜ್ಜಿನಲ್ಲಿರುವುದು 4, ಕೊರತೆ 2. ಒಟ್ಟು 65. ಫ್ರಿಜ್ಜಿನದ್ದು ಮರುದಿನ ಮೊದಲು ದೋಸೆಗೆ, ಉತ್ತಪ್ಪಕ್ಕೆ ಹೋಗಲಿ. ಮಳೆಗೆ ಲೋಕಲ್ ರೈಲು ನಿಂತ ದಿನ ಆಫೀಸಿನವರು ಬರುವುದಿಲ್ಲ. ಆ ದಿನವನ್ನು ಸರಾಸರಿಯಿಂದಲೇ ತೆಗೆಯಿರಿ. ಒಂದು ದಿನದ ಏರುಪೇರಿಗೆಲ್ಲ ಪೂರ್ತಿ ಕುಣಿದರೆ ಗಿರಾಕಿ ಮಾಡದ ಏರಿಳಿತವನ್ನು ಅಡುಗೆಮನೆಯೇ ಮಾಡುತ್ತದೆ. ಒಂದು ಕಿಲೋ ಒಣ ಸಾಮಾನಿಗೆ ಎಷ್ಟು ಹಿಟ್ಟು ಬರುತ್ತದೆ ಎಂಬುದನ್ನು ನಿಮ್ಮ ಗ್ರೈಂಡರಿನಲ್ಲೇ ತೂಗಿ ತಿಳಿಯಿರಿ.

ಇನ್ನು ಕಷ್ಟದ ಭಾಗ, ಯಾರು ನಿರ್ಧರಿಸಬೇಕು ಎಂಬುದು. ಹಿಟ್ಟು ಸಾಲದ ದಿನ ಅಡುಗೆಮನೆ ಎಲ್ಲರ ಬೇಡಿಕೆಗೂ ಕತ್ತರಿ ಹಾಕುತ್ತದೆ. ಇದು ತಿಳಿದ ಮ್ಯಾನೇಜರು 20 ಬೇಕಾದಲ್ಲಿ 25 ಕೇಳುತ್ತಾರೆ. ಪಕ್ಕದ ಬ್ರಾಂಚಿನವರು 28. ಅಡುಗೆಮನೆ ಇನ್ನಷ್ಟು ಕತ್ತರಿಸುತ್ತದೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ, ಎಲ್ಲರೂ ತಮ್ಮ ಗಿರಾಕಿಗಾಗಿಯೇ ಹೆಣಗುತ್ತಿದ್ದಾರೆ. ಹಾಗಾಗಿ ಬುದ್ಧಿ ಹೇಳಿ ಫಲವಿಲ್ಲ, ಬೇಡಿಕೆ ಚೀಟಿಯನ್ನೇ ತೆಗೆದುಬಿಡಿ. ಬ್ರಾಂಚು ನಾಲ್ಕು ಲೆಕ್ಕ ಕಳಿಸಲಿ, ಹಂಚಿಕೆ ಆ ಲೆಕ್ಕದ ಮೇಲೆ ಅಡುಗೆಮನೆಯದು. ಮದುವೆ ಆರ್ಡರಿನಂಥ ವಿಶೇಷವಿದ್ದರೆ ಬ್ರಾಂಚು ಹಿಂದಿನ ದಿನವೇ ಕಾರಣ ಬರೆದು ತಿಳಿಸಲಿ. ಸರಾಸರಿಯಿಂದ ಶೇ. 10ರಷ್ಟು ಆಚೀಚೆ ಹೋಗಲು ಮುಖ್ಯ ಭಟ್ಟರಿಗೆ ಅಧಿಕಾರವಿರಲಿ, ಅದಕ್ಕೂ ಮೀರಿದರೆ ಮಾತ್ರ ಯಜಮಾನರಿಗೆ ಫೋನು. ಸಣ್ಣದಕ್ಕೂ ಯಜಮಾನರ ಒಪ್ಪಿಗೆ ಬೇಕಾದರೆ ಇಷ್ಟು ಕಷ್ಟಪಟ್ಟು ತೆಗೆದ ತಡ ಅಲ್ಲಿ ಮತ್ತೆ ಹುಟ್ಟುತ್ತದೆ. ಭಟ್ಟರ ಬೋನಸ್ಸು ಸಾಮಾನಿನ ಉಳಿತಾಯಕ್ಕೆ, ಮ್ಯಾನೇಜರದು ಮಾರಾಟಕ್ಕೆ ಎಂದಿದ್ದರೆ ಒಬ್ಬರು ಹಿಂದಕ್ಕೆಳೆದರೆ ಇನ್ನೊಬ್ಬರು ಮುಂದಕ್ಕೆ. ಚೆಲ್ಲಿದ ಕಿಲೋ, ಸಾಲದೆ ಹೋದ ಕಿಲೋ ಎರಡನ್ನೂ ಕೂಡಿ ವಾರಕ್ಕೊಂದೇ ಅಂಕಿ ಮಾಡಿ, ಇಬ್ಬರ ಬೋನಸ್ಸಿಗೂ ಅದನ್ನೇ ಹಿಡಿಯಿರಿ.

ಒಂದು ಬದಲಾವಣೆಗೆ ಎರಡು ವಾರ ಕೊಡಿ. ಎಲ್ಲವನ್ನೂ ಒಮ್ಮೆಗೇ ತಂದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಇದೇ ಕಣ್ಣಿನಿಂದ ಟೇಬಲ್ಲುಗಳನ್ನೂ ನೋಡಬಹುದು. 40 ಕುರ್ಚಿ ತುಂಬಿದ್ದು, ಗಿರಾಕಿ ಸರಾಸರಿ 24 ನಿಮಿಷ ಕೂತರೆ ಗಂಟೆಗೆ 100 ಜನ. ಬಿಲ್ಲಿಗೆ ಕಾಯುವ 4 ನಿಮಿಷ ತೆಗೆದರೆ, ಹೊರಗೆ ಸಾಲಿರುವ ಹೊತ್ತಿನಲ್ಲಿ, ಅದೇ ಕುರ್ಚಿಗಳಲ್ಲಿ 120. ಆದರೆ ಆ ಇಪ್ಪತ್ತು ಜನ ಇಡ್ಲಿಯನ್ನೂ ಕೇಳುತ್ತಾರೆ. ಎರಡನೇ ಬಿಲ್ ಮೆಷಿನ್ ತರುವ ಮೊದಲು ಇಡ್ಲಿ ಸ್ಟೀಮರು ಗಂಟೆಗೆ ಎಷ್ಟು ತೆಗೆಯುತ್ತದೆ ಎಣಿಸಿ, ನೆನೆಹಾಕುವ ಲೆಕ್ಕವನ್ನೂ ಹಿಂದಿನ ದಿನವೇ ಏರಿಸಿ.