ಯುಗಾದಿ ಹೊತ್ತಿನ ಹಿತ್ತಲ: ನೀರಿದ್ದಷ್ಟೇ ಮಡಿ

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದರೆ ಹುಬ್ಬಳ್ಳಿ-ಧಾರವಾಡದ ಹಿತ್ತಲಗಳಲ್ಲಿ ಕೋಸು, ಗಜ್ಜರಿ, ಬಟಾಣಿಯ ಕಾಲ ಮುಗಿದಂತೆ. ಮೆಂತ್ಯೆ, ಕೊತಂಬರಿ ಬಿತ್ತಿದರೂ ಎಲೆ ತುಂಬುವ ಮೊದಲೇ ಹೂ ಹಿಡಿಯುತ್ತವೆ. ಈಗ ಬರುವವು ಬೆಂಡಿ, ಚವಳಿ, ಹೀರಿ, ಹಾಗಲ, ಸವತಿ, ರಾಜಗಿರಿ, ಪುಂಡಿಪಲ್ಲೆ. ಯುಗಾದಿಯೊಳಗೆ ಬಿತ್ತಿದರೆ ಏಪ್ರಿಲ್ ಕೊನೆಯ ಉರಿ ಬರುವಷ್ಟರಲ್ಲಿ ಬೇರು ಆಳಕ್ಕಿಳಿದು, ಎಲೆ ನೆಲ ಮುಚ್ಚಿರುತ್ತದೆ. ತಡಮಾಡಿದರೆ ಎಳೆ ಸಸಿಯೇ ಉರಿಗೆ ಸಿಗುತ್ತದೆ.

ಏನು ಬಿತ್ತಬೇಕು ಎಂಬುದಕ್ಕಿಂತ ಮೊದಲು ಎಷ್ಟು ಜಾಗಕ್ಕೆ ನೀರು ಸಾಲುತ್ತದೆ ಎಂದು ಲೆಕ್ಕ ಹಾಕಿ. ಏಪ್ರಿಲ್‌ನಲ್ಲಿ ತುಂಬಿ ಬೆಳೆದ ಮಡಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 6 ಲೀಟರ್ ಬೇಕು. 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ದಿನಕ್ಕೆ 55 ಲೀಟರ್. 200 ಲೀಟರಿನ ಡ್ರಮ್ಮು ನಾಲ್ಕನೇ ದಿನಕ್ಕೆ ಖಾಲಿ. ನಳಕ್ಕೆ ದಿನವೂ ನೀರು ಬಾರದ ಓಣಿಯಲ್ಲಿ ಈ ಲೆಕ್ಕ ಬಿಟ್ಟು ಮಡಿ ಮಾಡಿದರೆ ಮೇ ತಿಂಗಳಲ್ಲಿ ಎಲ್ಲವೂ ಅರೆಜೀವ. ಅರ್ಧ ಹಿತ್ತಲ ಖಾಲಿ ಬಿಟ್ಟರೂ ನಷ್ಟವಿಲ್ಲ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಗಿಡಕ್ಕೆ ಒಳ್ಳೆಯದು. ಸಾಬೂನಿನ ನೀರು ಬೇಡ. ಆರ್‌ಒ ಯಂತ್ರ ಹೊರಚೆಲ್ಲುವ ನೀರಂತೂ ಬೇಡವೇ ಬೇಡ: ಅದರಲ್ಲಿ ಉಪ್ಪು ಹೆಚ್ಚಿರುತ್ತದೆ, ಬರಬರುತ್ತ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ.

ನೀರು ಕಡಿಮೆ ಇದ್ದವರಿಗೆ ಮಣ್ಣಿನ ಗಡಿಗೆಯಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ಬಣ್ಣ ಬಳಿಯದ, 6ರಿಂದ 8 ಲೀಟರ್ ಹಿಡಿಯುವ ಗಡಿಗೆಯನ್ನು ಕಂಠದವರೆಗೆ ಹುಗಿಯಿರಿ, ಸುತ್ತ ಒಂದು ಗೇಣಿನೊಳಗೆ ಮೂರ್ನಾಲ್ಕು ಹೀರಿ ಅಥವಾ ಹಾಗಲ ಬೀಜ ಊರಿ, ಗಡಿಗೆಗೆ ನೀರು ತುಂಬಿ, ಬಾಯಿಗೆ ಗಟ್ಟಿಯಾಗಿ ಮುಚ್ಚಳ ಇಡಿ. ನೀರು ಗೋಡೆಯಿಂದ ಮೆಲ್ಲಗೆ ಜಿನುಗಿ ಬೇರಿಗೆ ಸಿಗುತ್ತದೆ. ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಮರಿಮಾಡುತ್ತವೆ. ಮೊಳಕೆ ಬರುವ ತನಕ ಮೇಲಿನಿಂದಲೂ ನೀರು ಚಿಮುಕಿಸಬೇಕು. ಗಡಿಗೆಯ ತೇವ ಬೀಜದ ಮಟ್ಟಕ್ಕೆ ಏರುವುದಿಲ್ಲ. ಬೋರಿನ ಗಡಸು ನೀರು ತುಂಬುವವರು ಬೇಸಿಗೆ ಮುಗಿದ ಮೇಲೆ ಗಡಿಗೆಯನ್ನು ಕಿತ್ತು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಲಿ. ಸುಣ್ಣ ಕಟ್ಟಿದರೆ ನೀರು ಜಿನುಗುವುದೇ ನಿಲ್ಲುತ್ತದೆ.

ಎರೆ ಮಣ್ಣು, ಮಸಾರಿ ಮಣ್ಣು

ಧಾರವಾಡದಿಂದ ಕಲಘಟಗಿ ಕಡೆಗೆ ಹೋದಂತೆ ಮಸಾರಿ, ಅಂದರೆ ಕೆಂಪು ಮಣ್ಣು. ಹುಬ್ಬಳ್ಳಿಯಿಂದ ಮೂಡಲಿಗೆ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಎರೆ, ಅಂದರೆ ಕಪ್ಪು ಮಣ್ಣು. ಕೆಂಪು ಮಣ್ಣು ನೀರು ಬೇಗ ಬಿಡುತ್ತದೆ, ಅಲ್ಲಿ ಗೊಬ್ಬರ ಹೆಚ್ಚು ಹಾಕಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕೊಟ್ಟರೆ ಕೆಲಸ ಮುಗಿಯಿತು. ಪರೀಕ್ಷೆ ಇರುವುದು ಎರೆಯಲ್ಲಿ. ಒದ್ದೆಯಿದ್ದಾಗ ಅಗೆದರೆ ಹೆಂಟೆಗಳು ಇಟ್ಟಂಗಿಯಂತೆ ಗಟ್ಟಿಯಾಗುತ್ತವೆ. ಒಣಗಿದಾಗ ಬಾಯಿಬಿಟ್ಟು ಬೇರು ಹರಿಯುತ್ತದೆ, ಕೊಟ್ಟ ನೀರೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ. ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ನೋಡಿ: ಉಂಡೆಯಾಗಿ, ಬೆರಳು ತಾಗಿಸಿದೊಡನೆ ಒಡೆದರೆ ಅದೇ ಹದ. ಕೈಗೆ ಮೆತ್ತಿದರೆ ಇನ್ನೆರಡು ದಿನ ತಡೆಯಿರಿ.

ಮಡಿಯ ಅಗಲ 3 ಅಡಿ ಮೀರಬಾರದು, ಎರಡೂ ಕಡೆಯಿಂದ ಕೈ ಎಟುಕಬೇಕು. ಬೇಸಿಗೆಯಲ್ಲಿ ಏರುಮಡಿ ಮಾಡಬೇಡಿ, ಬದಿಗಳಿಂದ ಒಣಗುತ್ತದೆ. ನೆಲಕ್ಕಿಂತ 3-4 ಇಂಚು ತಗ್ಗಿಸಿ ಸುತ್ತ ಒಡ್ಡು ಕಟ್ಟಿ. ಚದರ ಮೀಟರಿಗೆ 3-4 ಕಿಲೊ ಕಳಿತ ತಿಪ್ಪಿಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಸಾಕು. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳು ಬರುತ್ತವೆ. ಒಲೆಯ ಬೂದಿಯನ್ನು ಎಲ್ಲರೂ ಗಿಡದ ಬುಡಕ್ಕೆ ಸುರಿಯುತ್ತಾರೆ. ಎರೆ ಮೊದಲೇ ಕ್ಷಾರದ ಮಣ್ಣು, ಅದಕ್ಕೆ ಬೂದಿ ಬೇಡ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಮಡಿಯ ಮೇಲೆ 3 ಇಂಚು ಹೊದಿಕೆ ಇರಲೇಬೇಕು. ಕಬ್ಬಿನ ರವದಿ, ಶೇಂಗಾ ಸಿಪ್ಪಿ, ಕತ್ತರಿಸಿದ ಜೋಳದ ಕಣಿಕಿ, ಯಾವುದು ಸಿಕ್ಕರೂ ಆದೀತು. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಹೊದಿಕೆ ಸಿಗದ ಕಡೆ ವಾರಕ್ಕೊಮ್ಮೆ ಕುರ್ಪಿಯಿಂದ ಒಂದಿಂಚು ಮಣ್ಣು ಸಡಿಲಿಸಿ ಬಿರುಕು ಮುಚ್ಚಿ.

ಬಿತ್ತಿದ ಮೇಲೆ

ಬೆಂಡಿ ಬೀಜ ರಾತ್ರಿಯಿಡೀ ನೆನೆಯಲಿ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡಕ್ಕೆ ಒಂದಡಿ. ಕುಣಿಗೆ ಎರಡು ಬೀಜ, ಒಂದಿಂಚು ಆಳ. ಎರಡೂ ಎದ್ದರೆ ಬಡಕಲನ್ನು ಕತ್ತರಿಸಿ, ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಅರ್ಕಾ ಅನಾಮಿಕಾ ತಳಿ ಹಳದಿ ನಂಜನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಆದರೂ ಎಲೆಯ ನರಗಳೆಲ್ಲ ಹಳದಿ ಬಲೆಯಂತೆ ಕಂಡ ಗಿಡವನ್ನು ಆ ದಿನವೇ ಕಿತ್ತುಬಿಡಿ. ರೋಗ ಹಬ್ಬಿಸುವುದು ಬಿಳಿನೊಣ, ನಂಜು ತಗುಲಿದ ಗಿಡಕ್ಕೆ ಮದ್ದಿಲ್ಲ. 45-50 ದಿನಕ್ಕೆ ಕಾಯಿ ಶುರು. ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತವೆ, ಗಿಡ ಹೊಸ ಹೂ ಬಿಡುವುದನ್ನೂ ಕಡಿಮೆ ಮಾಡುತ್ತದೆ.

ಹೀರಿ ಬಳ್ಳಿ ಹೂ ಬಿಟ್ಟರೂ ಕಾಯಿ ನಿಲ್ಲುತ್ತಿಲ್ಲ ಎಂಬುದು ಪ್ರತಿ ಬೇಸಿಗೆಯ ದೂರು. ಮೊದಮೊದಲು ಬರುವವು ಗಂಡು ಹೂಗಳೇ, ಕಾಯಬೇಕು. ಹೂವಿನ ಹಿಂದೆ ಪುಟ್ಟ ಕಾಯಿ ಇರುವುದು ಹೆಣ್ಣು. ಜೇನು ಬಾರದ ಓಣಿಯಲ್ಲಿ ಗಂಡು ಹೂವಿನ ಎಸಳು ಬಿಡಿಸಿ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿ. ಹೊತ್ತು ಮುಖ್ಯ: ಹೀರಿ ಅರಳುವುದು ಸಂಜೆ, ಹಾಗಲ ಮತ್ತು ಸವತಿ ಬೆಳಿಗ್ಗೆ. ಎಳೆಗಾಯಿ ಸೊಟ್ಟಗಾಗಿ ಒಳಗೆ ಹುಳು ಇದ್ದರೆ ಹಣ್ಣುನೊಣದ ಕೆಲಸ. ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ-ಲೂರ್ ಬಲೆ ಕಟ್ಟಿ (ಮಾವಿಗೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಗೆ ಈ ನೊಣ ಬೀಳುವುದಿಲ್ಲ). ಕೆಟ್ಟ ಕಾಯಿಯನ್ನು ತಿಪ್ಪೆಗೆ ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ.

ಟೊಮೆಟೊ ವಿಷಯದಲ್ಲಿ ಹಟ ಬೇಡ. 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಅದನ್ನು ಮುಂಗಾರಿಗೆ ಬಿಡಿ. ಹಳೆಯ ಮೆಣಸಿನ ಗಿಡ ಇದ್ದರೆ ಪಡುವಣ ಬಿಸಿಲಿಗೆ ಅಡ್ಡವಾಗಿ 50 ಶೇಕಡಾ ನೆರಳಿನ ಹಸಿರು ಬಲೆ ಕಟ್ಟಿ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮುದುಡಿದರೆ ನುಸಿ. ಎರಡಕ್ಕೂ ಮೊದಲು ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಹೊಡೆಯಿರಿ. ಆಮೇಲೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ಸೋಪಿನ ದ್ರಾವಣ. ಇದನ್ನು ಸಂಜೆಯೇ ಹೊಡೆಯಬೇಕು, ಬಿಸಿಲಲ್ಲಿ ಎಲೆ ಸುಡುತ್ತದೆ.

ಹಣ್ಣಿನ ಗಿಡಗಳು

ಹಿಪ್ಪುನೇರಳೆ ಹಿತ್ತಲಕ್ಕೆ ಹೇಳಿ ಮಾಡಿಸಿದ ಗಿಡ. ಹಣ್ಣು ಬರುವುದು ಹೊಸ ಚಿಗುರಿನ ಎಲೆಸಂದಿಯಲ್ಲಿ. ಆದ್ದರಿಂದ ಫೆಬ್ರುವರಿ-ಮಾರ್ಚ್‌ನಲ್ಲಿ ರೆಂಬೆ ತುದಿ ಕತ್ತರಿಸಿ, ಎಲೆಯೆಲ್ಲ ಸವರಿ, ಒಂದು ಬುಟ್ಟಿ ಗೊಬ್ಬರ ಮತ್ತು ನೀರು ಕೊಟ್ಟರೆ ಐದಾರು ವಾರದಲ್ಲಿ ಹಣ್ಣು. ಕತ್ತರಿಸಿದ ಪೆನ್ಸಿಲ್ ದಪ್ಪದ ಕಡ್ಡಿಗಳಲ್ಲಿ ಮೂರ್ನಾಲ್ಕು ಕಣ್ಣಿರುವವನ್ನು ನೆರಳಲ್ಲಿ ನೆಟ್ಟರೆ ಹೊಸ ಗಿಡ. ಹಕ್ಕಿಗಳ ಕಾಟಕ್ಕೆ ಹಳೆಯ ಸೊಳ್ಳೆಪರದೆ ಹೊದಿಸಿ.

ಬಾರಿ (ಬೋರೆ) ಗಿಡವನ್ನು ಏಪ್ರಿಲ್-ಮೇನಲ್ಲಿ, ಎಲೆ ಉದುರಿ ನಿಂತಾಗ ಸವರಬೇಕು. ಹಳೆ ರೆಂಬೆಗೆ ಹಣ್ಣು ಕಡಿಮೆ. ಸ್ಟ್ರಾಬೆರಿ ಕುಂಡಗಳಿದ್ದರೆ ನೆರಳಿಗೆ ಸರಿಸಿ, ಬಿಟ್ಟ ಬಳ್ಳಿಯ ಗೆಣ್ಣನ್ನು ಪಕ್ಕದ ಕುಂಡದಲ್ಲಿ ಊರಿ ಸಸಿ ಉಳಿಸಿಕೊಳ್ಳಿ. ಹಣ್ಣಿನ ಆಸೆ ಇನ್ನು ಚಳಿಗಾಲಕ್ಕೆ. ಕವಳಿ (ಕರಂಡೆ ಹಣ್ಣು) ಮೇ ತಿಂಗಳಲ್ಲಿ ಸಂತೆಗೆ ಬಂದಾಗ ಕಪ್ಪಾಗಿ ಮಾಗಿದ ಹಣ್ಣಿನ ಬೀಜ ತೊಳೆದು ಆ ವಾರವೇ ಚೀಲಕ್ಕೆ ಹಾಕಿ. ಒಣಗಿಸಿಟ್ಟ ಬೀಜ ಬೇಗ ಸಾಯುತ್ತದೆ. ಬೇಲಿಗೆ 4 ಅಡಿಗೊಂದು ಗಿಡ ಸಾಕು, ಮುಳ್ಳಿನಿಂದ ದನ ಬರುವುದಿಲ್ಲ.

ಅಶ್ವಿನಿ, ಭರಣಿಯ ಅಡ್ಡಮಳೆ ಗಾಳಿಯೊಂದಿಗೆ ಬರುತ್ತದೆ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತವೆ. ಬಳ್ಳಿಯ ಚಪ್ಪರದ ಗೂಟಗಳನ್ನು ಏಪ್ರಿಲ್ ಮೊದಲ ವಾರದಲ್ಲೇ ಎರಡಡಿ ಆಳಕ್ಕೆ ಹುಗಿದು ಕಟ್ಟಿ. ರೋಹಿಣಿ ಮಳೆ ಹಿಡಿದ ಮೇಲೆ ಹೊದಿಕೆ ತೆಳುಮಾಡಿ, ಮಿರಗದೊಳಗೆ (ಮೃಗಶಿರಾ ಮಳೆಯೊಳಗೆ) ತಗ್ಗುಮಡಿಯ ಒಡ್ಡು ಒಡೆದು ನೀರಿಗೆ ದಾರಿ ಬಿಡಿ. ಎರೆಯಲ್ಲಿ ಎರಡು ದಿನ ನೀರು ನಿಂತರೆ ಬೆಂಡಿ, ಚವಳಿ ಎರಡರ ಬೇರೂ ಕೊಳೆಯುತ್ತವೆ.